ತಡೆಯಲು ಬರುತ್ತದೆ, ಆದರೂ ಬೇಕಂತ ಮಾಡುವುದಲ್ಲ: ಟುರೆಟ್ ಸಿಂಡ್ರೋಮ್ ಬಗ್ಗೆ ಒಂದು ಟಿಪ್ಪಣಿ

ಧಾರವಾಡದಲ್ಲಿ ಬಿ.ಎಡ್. ಓದುತ್ತಾ ಹುಬ್ಬಳ್ಳಿಯ ಒಂದು ಶಾಲೆಗೆ ಇಂಟರ್ನ್‌ಶಿಪ್‌ಗೆ ಹೋಗಿದ್ದೆ. ಏಳನೇ ತರಗತಿ. ನಾನು ಬೋರ್ಡಿನ ಕಡೆ ತಿರುಗಿದ ಕೂಡಲೇ ಹಿಂದಿನಿಂದ ‘ಹ್ಞೂಂ, ಹ್ಞೂಂ’ ಅಂತ ಒಂದು ಸದ್ದು. ತಿರುಗಿ ನೋಡಿದರೆ ನಿಂತುಬಿಡುತ್ತಿತ್ತು. ಮೂರನೇ ದಿನ ಹುಡುಗ ಸಿಕ್ಕಿಬಿದ್ದ. “ಸುಮ್ನ ಕುಂದ್ರಲೇ” ಎಂದು ಗದರಿಸಿ ಹೊರಗೆ ನಿಲ್ಲಿಸಿದೆ. ಪಕ್ಕದವನು, “ಅವ ಬೇಕಂತ್ಲೇ ಮಾಡ್ತಾನ್ರಿ ಸರ್” ಎಂದು ಸಾಕ್ಷಿಯನ್ನೂ ಹೇಳಿದ. ಮರುದಿನ ಅವನ ತಾಯಿ ಡಾಕ್ಟರ್ ಚೀಟಿ ಹಿಡಿದುಕೊಂಡು ಬಂದರು. ಅದರಲ್ಲಿ ಟುರೆಟ್ ಸಿಂಡ್ರೋಮ್ ಎಂದು ಬರೆದಿತ್ತು.

ಸಮನ್ವಯ ಶಿಕ್ಷಣದ ಪೇಪರ್‌ಗೆ ಓದುವವರಿಗೆ ಈ ಟಿಪ್ಪಣಿ ಉಪಯೋಗಕ್ಕೆ ಬರಬಹುದು. ನನಗಂತೂ ಪರೀಕ್ಷೆಗಿಂತ ಮೊದಲೇ ಬೇಕಾಗಿತ್ತು.

ಮೊದಲು ವ್ಯಾಖ್ಯೆ ಮುಗಿಸೋಣ. ದಿಢೀರನೆ ಬರುವ, ಮತ್ತೆ ಮತ್ತೆ ಬರುವ ಚಲನೆ ಅಥವಾ ಸದ್ದಿಗೆ ಟಿಕ್ ಎನ್ನುತ್ತಾರೆ. ಕಣ್ಣು ಪಿಳುಕಿಸುವುದು, ಭುಜ ಹಾರಿಸುವುದು, ಕತ್ತು ಕೊಂಕಿಸುವುದು, ಮುಖ ಕಿವುಚುವುದು ಚಲನೆಯ ಟಿಕ್. ಗಂಟಲು ಕೆರೆಯುವುದು, ಮೂಗು ಎಳೆಯುವುದು, ಒಂದೇ ಪದ ಹೇಳುವುದು ಸದ್ದಿನ ಟಿಕ್. ಟುರೆಟ್ ಎನ್ನಬೇಕಾದರೆ ಚಲನೆಯ ಟಿಕ್ ಎರಡಾದರೂ ಇರಬೇಕು, ಸದ್ದಿನದು ಒಂದಾದರೂ ಇರಬೇಕು. ಎರಡೂ ಒಂದೇ ಸಮಯಕ್ಕೆ ಇರಲೇಬೇಕು ಅಂತಿಲ್ಲ. ಶುರುವಾಗಿ ಒಂದು ವರ್ಷ ದಾಟಿರಬೇಕು, 18 ವರ್ಷದ ಒಳಗೇ ಶುರುವಾಗಿರಬೇಕು. ಬೇರೆ ಕಾಯಿಲೆ ಅಥವಾ ಔಷಧಿ ಕಾರಣವಾಗಿರಬಾರದು. ಇಷ್ಟು ಕೂಡಿದರೆ ಟುರೆಟ್. ಒಂದೇ ಬಗೆಯ ಟಿಕ್ ವರ್ಷ ದಾಟಿದ್ದರೆ ಹೆಸರು ಬೇರೆ. ಕೆಲವು ತಿಂಗಳು ಬಂದು ಹೋಗುವ ಟಿಕ್ ಮಕ್ಕಳಲ್ಲಿ ಬಹಳ ಸಾಮಾನ್ಯ. ಹಾಗಾಗಿ ಕಣ್ಣು ಪಿಳುಕಿಸಿದ ಮಗುವಿಗೆಲ್ಲ ಈ ಹೆಸರು ಅಂಟಿಸಬೇಡಿ.

ಹೆಸರು ಬಂದಿದ್ದು ಫ್ರಾನ್ಸಿನ ವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ ಅವರಿಂದ. 1885ರಲ್ಲಿ ಅವರು ಒಂಬತ್ತು ರೋಗಿಗಳ ಬಗ್ಗೆ ಬರೆದರು. ಅವರ ಗುರು ಶಾರ್ಕೊ ಶಿಷ್ಯನ ಹೆಸರನ್ನೇ ಇಟ್ಟರು. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು.

ಈಗ ನನ್ನನ್ನು ತಪ್ಪು ದಾರಿಗೆ ಎಳೆದ ವಿಷಯ. ನಾನು ನೋಡಿದಾಗ ನಿಲ್ಲುತ್ತಿತ್ತು, ಅಲ್ವಾ? ಹಾಗಿದ್ದರೆ ಬೇಕಂತ ಮಾಡುವುದೇ ಇರಬೇಕು. ನೋಡಿದವರೆಲ್ಲ ಹಾಕುವ ಲೆಕ್ಕ ಇದೇ. ಲೆಕ್ಕ ತಪ್ಪುವುದೂ ಇಲ್ಲೇ.

ಟಿಕ್ ಬರುವ ಮುಂಚೆ ಬಹಳ ಜನರಿಗೆ ಒಳಗೆ ಏನೋ ಒತ್ತಿದಂತೆ, ತುರಿಸಿದಂತೆ ಆಗುತ್ತದೆ. ಸದ್ದು ಮಾಡಿದರೆ ಅದು ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಏರುತ್ತದೆ. ಪೂಜೆಯಲ್ಲಿ ಮಂಗಳಾರತಿ ನಡೆದಾಗ ಸೀನು ಬಂತು ಅಂದುಕೊಳ್ಳಿ. ಮೂಗು ಒತ್ತಿ ಹಿಡಿಯುತ್ತೀರಿ. ಎಷ್ಟು ಹೊತ್ತು? ಹಿಡಿದಷ್ಟೂ ಹೊತ್ತು ಮಂತ್ರ ಕಿವಿಗೆ ಬೀಳುತ್ತದೆಯೇ? ಆ ಹುಡುಗ ನನ್ನ ಪಾಠದಲ್ಲಿ ಮಾಡುತ್ತಿದ್ದದ್ದು ಅದನ್ನೇ. ನಾನು ನೋಡುವಾಗ ಹಿಡಿದಿಡುತ್ತಿದ್ದ, ತಿರುಗಿದಾಗ ಬಿಡುತ್ತಿದ್ದ. ಅದು ನನಗೆ ಚೇಷ್ಟೆಯಂತೆ ಕಂಡಿತು, ಅವನಿಗೆ ಅದು ಮರ್ಯಾದೆ.

ಮನೆಗೂ ಶಾಲೆಗೂ ಜಗಳ ಬರುವುದೂ ಇದರಿಂದಲೇ. ಶಾಲೆಯಲ್ಲಿ ತಡೆದುಕೊಂಡ ಮಗು ಮನೆಗೆ ಬಂದು ಚೀಲ ಇಟ್ಟ ಮೇಲೆ ಒಂದೇ ಸಮ ಶುರು ಮಾಡಬಹುದು. “ನಮ್ಮಲ್ಲಿ ಹಂಗೇನ ಮಾಡೂದಿಲ್ರಿ” ಎನ್ನುತ್ತಾರೆ ಟೀಚರ್. “ಹಂಗಾದ್ರ ನಾವ ಸುಳ್ಳ ಹೇಳ್ತೀವೇನ್ರಿ?” ಎನ್ನುತ್ತಾರೆ ತಾಯಿ. ಇಬ್ಬರೂ ಹೇಳುವುದು ನಿಜ.

ಇನ್ನೊಂದು ಗೊಂದಲ. ಈ ಹುಡುಗ ತಬಲಾ ಕ್ಲಾಸಿಗೆ ಹೋಗುತ್ತಾನೆ. ಬಾರಿಸುವಾಗ ಟಿಕ್ ಬಹುತೇಕ ಮಾಯ. ಗಣಿತದ ಟೆಸ್ಟ್ ಅಂದರೆ ಜಾಸ್ತಿ. ನಾಟಕ ಅಂತ ಅನ್ನಿಸುವುದು ಸಹಜ. ಆದರೆ ಟಿಕ್ ಇರುವುದೇ ಹೀಗೆ. ಮನಸ್ಸು ಪೂರ್ತಿ ಮುಳುಗಿದ ಕೆಲಸದಲ್ಲಿ ಕಡಿಮೆ. ಆತಂಕ, ದಣಿವು, ಕೆಲವೊಮ್ಮೆ ಜಾತ್ರೆಯ ಖುಷಿಯಲ್ಲೂ ಹೆಚ್ಚು. ಅಮೆರಿಕದ ಮಾಜಿ ಫುಟ್‌ಬಾಲ್ ಗೋಲ್‌ಕೀಪರ್ ಟಿಮ್ ಹೊವಾರ್ಡ್ ಅವರಿಗೂ ಟುರೆಟ್ ಇದೆ. 2014ರ ವಿಶ್ವಕಪ್‌ನಲ್ಲಿ ಬೆಲ್ಜಿಯಂ ಎದುರು ಒಂದೇ ಪಂದ್ಯದಲ್ಲಿ 15 ಸಲ ಚೆಂಡು ತಡೆದವರು ಇವರೇ.

ತಲೆಯೊಳಗೆ ಏನಾಗುತ್ತದೆ? ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ನಿಲ್ದಾಣದ ಗೇಟು ನೆನಪಿಸಿಕೊಳ್ಳಿ. ಟಿಕೆಟ್ ತೋರಿಸಿದವರಿಗೆ ಮಾತ್ರ ತೆರೆಯಬೇಕು. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗ ಚಲನೆಗಳಿಗೆ ಇಂಥದ್ದೇ ಗೇಟು. ಬೇಕಾದ ಚಲನೆಯನ್ನು ಬಿಡುತ್ತದೆ, ಉಳಿದದ್ದನ್ನು ಹಿಡಿಯುತ್ತದೆ. ಟುರೆಟ್‌ನಲ್ಲಿ ಈ ಹಿಡಿತ ಸಡಿಲ. ಡೋಪಮಿನ್ ಎಂಬ ರಾಸಾಯನಿಕಕ್ಕೂ ಇದರಲ್ಲಿ ಪಾತ್ರ ಇದೆ. ಮನೆತನದಲ್ಲಿ ಹರಿದು ಬರುವುದುಂಟು. ಒಂದೇ ಜೀನ್ ಅಲ್ಲ, ಹಲವು ಸೇರಿ. ಗಂಡುಮಕ್ಕಳಲ್ಲಿ ಮೂರು-ನಾಲ್ಕು ಪಟ್ಟು ಹೆಚ್ಚು. ತಾಯಿ ಮುದ್ದು ಮಾಡಿ ಕೆಡಿಸಿದ್ದರಿಂದ ಬರುವುದಿಲ್ಲ. ಗಾಳಿ ಸೋಕಿದ್ದರಿಂದಲೂ ಅಲ್ಲ.

ಈ ತಾಯಿ ಮೊದಲು ಮಗನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದೊಯ್ದಿದ್ದರಂತೆ. ಹುಬ್ಬಳ್ಳಿ ಧೂಳಿಗೆ ಕಣ್ಣು ಪಿಳುಕಿಸುತ್ತಾನೆ ಅಂದುಕೊಂಡು. ಆಮೇಲೆ ಗಂಟಲಿಗೆ ಬೇರೆ ಡಾಕ್ಟರ್. ನಡುವೆ ದೃಷ್ಟಿ ತೆಗೆದಿದ್ದೂ ಆಯಿತು, ತಾಯತವೂ ಆಯಿತು. ನಗಬೇಡಿ, ನಮ್ಮ ಧೂಳು ನೋಡಿದವರು ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಟುರೆಟ್ ಪತ್ತೆಗೆ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಕೇಳಿ, ನೋಡಿ ಹೇಳಬೇಕು. ಮನೆಯವರು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು ಹೋದರೆ ಒಳ್ಳೆಯದು, ಏಕೆಂದರೆ ಡಾಕ್ಟರ್ ಮುಂದೆ ಮಗು ತಡೆದುಕೊಳ್ಳಬಹುದು! ನಮ್ಮ ಭಾಗದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ. ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಹಳೇ ಕುಚೋದ್ಯದ ಭಯಕ್ಕೆ ಹೋಗದವರೂ ಇದ್ದಾರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿಯೂ ಮೊದಲು ಕೇಳಬಹುದು.

ಬೈಗುಳದ ಟಿಕ್ ಬಗ್ಗೆ ಒಂದು ಮಾತು. ಸಿನಿಮಾಗಳಿಂದಾಗಿ ಟುರೆಟ್ ಅಂದರೆ ಕೆಟ್ಟ ಮಾತು ಉದುರಿಸುವುದು ಎಂದೇ ಹಲವರ ನಂಬಿಕೆ. ಅದು ಇರುವುದು 100ರಲ್ಲಿ ಸುಮಾರು 10-15 ಜನಕ್ಕೆ ಮಾತ್ರ. ಶಾಲೆಯಲ್ಲಿ ಹೆಚ್ಚು ಏಟು ತಿನ್ನಿಸುವ ಇನ್ನೊಂದು ಟಿಕ್ ಇದೆ: ಬೇರೆಯವರ ಮಾತಿನ ಕೊನೆಯನ್ನು ಹಾಗೇ ಮತ್ತೆ ಹೇಳುವುದು. ಟೀಚರ್‌ಗೆ ಅಣಕಿಸಿದಂತೆ ಕೇಳಿಸುತ್ತದೆ.

ಟಿಕ್ ಸಾಮಾನ್ಯವಾಗಿ 5-7ರ ವಯಸ್ಸಲ್ಲಿ ಶುರುವಾಗಿ 10-12ಕ್ಕೆ ಜೋರಾಗುತ್ತದೆ. ಹದಿಹರೆಯ ದಾಟುವಷ್ಟರಲ್ಲಿ ಬಹಳ ಜನಕ್ಕೆ ಇಳಿಯುತ್ತದೆ, ಎಲ್ಲರಿಗೂ ಅಲ್ಲ. ತೊಂದರೆ ಕೊಡದ ಟಿಕ್‌ಗೆ ಔಷಧಿ ಬೇಕಿಲ್ಲ. ತೊಂದರೆ ಕೊಡುವ ಟಿಕ್ ಇರುವವರಿಗೆ ಒಂದು ತರಬೇತಿ ಇದೆ. ಒತ್ತಡ ಏರುವುದನ್ನು ಗುರುತಿಸಿ, ಆ ಟಿಕ್‌ಗೆ ಎದುರಾದ ಕೆಲಸ ಮಾಡುವುದು. ಕತ್ತು ಕೊಂಕುವವನು ಗದ್ದ ಮೆಲ್ಲಗೆ ಒಳಗೆಳೆದು ಕತ್ತು ಬಿಗಿ ಹಿಡಿಯುತ್ತಾನೆ. ಸದ್ದಿಗೆ ನಿಧಾನ ಉಸಿರು. ಇದನ್ನು ಪರಿಣತರು ಕಲಿಸಬೇಕು, ‘ತಡ್ಕೋ’ ಎಂದು ನಾವು ಹೇಳುವುದು ಇದಲ್ಲ. ಹಲವರಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಅತಿ ಚಟುವಟಿಕೆ) ಅಥವಾ ಒಸಿಡಿ (ಬೇಡದ ಯೋಚನೆ ಮತ್ತೆ ಮತ್ತೆ ಬಂದು, ಒಂದೇ ಕೆಲಸ ಮತ್ತೆ ಮತ್ತೆ ಮಾಡಬೇಕೆನಿಸುವುದು) ಕೂಡ ಇರುತ್ತದೆ. ಓದಿಗೆ ಟಿಕ್‌ಗಿಂತ ಅವೇ ಜಾಸ್ತಿ ಅಡ್ಡಿ ಆಗಬಹುದು.

ಕೊನೆಯ ವಾರ ಹುಡುಗನನ್ನೂ ಅವನ ತಾಯಿಯನ್ನೂ ಕೇಳಿಕೊಂಡೇ ತರಗತಿಗೆ ಇದನ್ನೆಲ್ಲ ಹೇಳಿದೆ. ಅವನನ್ನು ಬಾಗಿಲ ಪಕ್ಕದ ಬೆಂಚಿಗೆ ಕೂರಿಸಿದೆವು. ಬೇಕಾದಾಗ ಕೇಳದೆ ಹೊರಗೆ ಹೋಗಿ ಬರಬಹುದು. ಒಬ್ಬಳು ಹುಡುಗಿ ಕೈ ಎತ್ತಿ, “ಸರ್, ಇದು ಅಂಟ್ತೈತೇನ್ರಿ?” ಎಂದಳು. ನಾನು ಬಾಯಿ ತೆರೆಯುವ ಮುಂಚೆ ಅವನೇ ಹೇಳಿದ: “ಇಲ್ಲಲೇ. ನಮ್ಮ ತಮ್ಮ ನನ್ನ ಹಾಸಿಗ್ಯಾಗ ಮಲಗ್ತಾನ, ಅವಗೇನೂ ಆಗಿಲ್ಲ.” ಹೇಳಿ ಎರಡು ಸಲ ‘ಹ್ಞೂಂ’ ಅಂದ. ಯಾರೂ ತಿರುಗಿ ನೋಡಲಿಲ್ಲ.