ಸಂಖ್ಯೆಯಿಂದ ಅಂಕಿಗಳನ್ನು ಬಿಡಿಸುವುದು

ಕೋಲಾರದ ಪಿನ್ ಕೋಡ್ 563101. ಮೊದಲ 5 ನೋಡಿದರೆ ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿದ ಅಂಚೆ ವಲಯ ಅಂತ ಗೊತ್ತಾಗುತ್ತದೆ. 56 ಅಂದರೆ ಕರ್ನಾಟಕ. 563 ಅಂದರೆ ಕೋಲಾರದ ಕಡೆಗೆ ಹೋಗಬೇಕಾದ ಟಪಾಲು. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿಯದ್ದು. 1972ರಲ್ಲಿ ಶುರುವಾದ ಈ ಪದ್ಧತಿಯಲ್ಲಿ ಅಂಕಿಗಳನ್ನು ಬಿಡಿಬಿಡಿಯಾಗಿ ಓದಿದರೇನೇ ಅರ್ಥ. ಇದೇ ಕೆಲಸವನ್ನು ವೆಬ್ ಪುಟಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಮಾಡಿಸುವುದು ಹೇಗೆ?

ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಕಂಪ್ಯೂಟರಿನ ಒಳಗೆ ಈ ಸಂಖ್ಯೆಯಲ್ಲಿ 5 ಇಲ್ಲ, 6 ಇಲ್ಲ, 3 ಕೂಡ ಇಲ್ಲ. ಅದು ಎರಡರ ಲೆಕ್ಕದಲ್ಲಿ ನಡೆಯುವ ಯಂತ್ರ. ಅಲ್ಲಿ 563101 ಎಂದರೆ 10001001011110011101. ಹತ್ತರ ಲೆಕ್ಕ ನಮ್ಮದು. ಹಾಗಾಗಿ ಇಲ್ಲಿ ಅಂಕಿಗಳನ್ನು ಎತ್ತಿಕೊಳ್ಳುವುದಿಲ್ಲ, ಹೊಸದಾಗಿ ಹುಟ್ಟಿಸುತ್ತೇವೆ.

ಅದಕ್ಕೆ ಶಾಲೆಯಲ್ಲಿ ಕಲಿತ ಭಾಗಾಕಾರವೇ ಸಾಕು. 563101 ಅನ್ನು 10ರಿಂದ ಭಾಗಿಸಿ. ಶೇಷ 1, ಅದೇ ಬಿಡಿ ಸ್ಥಾನದ ಅಂಕಿ. ಭಾಗಲಬ್ಧ 56310. ಅದನ್ನು ಮತ್ತೆ ಭಾಗಿಸಿದರೆ ಶೇಷ 0, ಉಳಿದದ್ದು 5631. ಹೀಗೇ 1, 3, 6, 5 ಬರುತ್ತವೆ. ಭಾಗಲಬ್ಧ ಸೊನ್ನೆ ಆದಾಗ ನಿಲ್ಲಿಸಬೇಕು. ಶೇಷಕ್ಕೆ ಜಾವಾಸ್ಕ್ರಿಪ್ಟ್‌ನಲ್ಲಿ % ಚಿಹ್ನೆ ಇದೆ. ಭಾಗಿಸಿದಾಗ 56310.1 ಅಂತ ಬರುವುದರಿಂದ ದಶಾಂಶದ ಭಾಗವನ್ನು ಕತ್ತರಿಸಲು ಮ್ಯಾಥ್.ಫ್ಲೋರ್ ಬೇಕು. ಅಂಕಿಗಳು ಹಿಂದುಮುಂದಾಗಿ ಸಿಗುತ್ತವೆ. ಆದ್ದರಿಂದ ಒಂದೊಂದನ್ನೂ ಪಟ್ಟಿಯ ಮುಂದಕ್ಕೆ ಸೇರಿಸುತ್ತಾ ಹೋಗಬೇಕು. ಈ ವಿಧಾನ ನನಗೆ ತುಂಬಾ ಇಷ್ಟ. 10ರ ಜಾಗದಲ್ಲಿ 2 ಇಟ್ಟರೆ ಮೇಲೆ ಕಂಡ ಸೊನ್ನೆ, ಒಂದುಗಳ ಸಾಲೇ ಹೊರಬರುತ್ತದೆ. ಸ್ಥಾನಬೆಲೆ ಅಂದರೆ ಏನು ಅನ್ನುವುದು ಇದಕ್ಕಿಂತ ಚೆನ್ನಾಗಿ ಕಣ್ಣಿಗೆ ಕಾಣುವುದಿಲ್ಲ.

ದಿನದ ಕೆಲಸಕ್ಕೆ ಜನ ಜಾಸ್ತಿ ಬಳಸುವುದು ಇನ್ನೊಂದು ದಾರಿ. ಸಂಖ್ಯೆಯನ್ನು ಸ್ಟ್ರಿಂಗ್ ಮಾಡುವುದು, ಅಂದರೆ ಅಕ್ಷರಗಳ ಸಾಲಾಗಿ ಬದಲಿಸುವುದು. ಆಮೇಲೆ ಸ್ಪ್ಲಿಟ್‌ನಿಂದ ಬಿಡಿಸಿ, ಮ್ಯಾಪ್ ಮೂಲಕ ಒಂದೊಂದನ್ನೂ ಮತ್ತೆ ಸಂಖ್ಯೆ ಮಾಡುವುದು. ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಮ್ಯಾಪ್‌ಗೆ ಸಂಖ್ಯೆ ಮಾಡುವ 'ನಂಬರ್' ಎಂಬ ಆದೇಶ ಕೊಡಿ, ಅದೇ ಬಗೆಯ ಪಾರ್ಸ್‌ಇಂಟ್ ಕೊಡಬೇಡಿ. ಮ್ಯಾಪ್ ಅಂಕಿಯ ಜೊತೆ ಅದರ ಸ್ಥಾನವನ್ನೂ ಕಳಿಸುತ್ತದೆ. ಪಾರ್ಸ್‌ಇಂಟ್ ಆ ಸ್ಥಾನವನ್ನು ಎಷ್ಟರ ಲೆಕ್ಕ ಅಂತ ಓದಿಕೊಳ್ಳುತ್ತದೆ. ಆಗ ನಮ್ಮ ಪಿನ್ ಕೋಡ್‌ನ 6 ಮತ್ತು 3 ಇರಬೇಕಾದ ಕಡೆ 'ಸಂಖ್ಯೆಯಲ್ಲ' ಎಂಬ ಉತ್ತರ ಬರುತ್ತದೆ.

ಯಾವ ದಾರಿ ಹಿಡಿದರೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಕೈಯಲ್ಲಿರುವುದು ಅಳತೆಯೋ, ಗುರುತೋ? ಕೋಲಾರದ ಮಾರುಕಟ್ಟೆಗೆ ಬಂದ ಟೊಮೆಟೊ ಬಾಕ್ಸ್‌ಗಳ ಎಣಿಕೆ ಅಳತೆ. ಅದನ್ನು ಕೂಡಬಹುದು, ಬಾಕ್ಸಿಗೆ 15 ಕೆಜಿಯಂತೆ ಗುಣಿಸಬಹುದು. ಎರಡು ಪಿನ್ ಕೋಡ್ ಕೂಡಿದರೆ ಏನೂ ಸಿಗುವುದಿಲ್ಲ. ಗುರುತನ್ನು ಸಂಖ್ಯೆಯಾಗಿ ಇಟ್ಟರೆ ನಷ್ಟವೂ ಆಗುತ್ತದೆ. ತುಮಕೂರಿನ ಎಸ್‌ಟಿಡಿ ಕೋಡ್ 0816. ಸಂಖ್ಯೆ ಮಾಡಿದ ಕೂಡಲೇ ಅದು 816. ಮುಂದಿನ ಸೊನ್ನೆ ಹೋಯಿತು, ಎಷ್ಟು ಚೆನ್ನಾಗಿ ಬಿಡಿಸಿದರೂ ವಾಪಸ್ ಬರುವುದಿಲ್ಲ. ಉದ್ದದ ಗುರುತುಗಳಿಗೆ ಇನ್ನೊಂದು ಅಪಾಯ ಇದೆ. ಜಾವಾಸ್ಕ್ರಿಪ್ಟ್‌ನ ಮಾಮೂಲಿ ಸಂಖ್ಯೆ ಖಚಿತವಾಗಿ ನಂಬಬಹುದಾದದ್ದು 9007199254740991ರವರೆಗೆ ಮಾತ್ರ. 16 ಒಂಬತ್ತುಗಳನ್ನು ಸಾಲಾಗಿ ಕೊಟ್ಟರೆ ಅದು 1ರ ಮುಂದೆ 16 ಸೊನ್ನೆ ಆಗಿಬಿಡುತ್ತದೆ. ಇಂಥವನ್ನು ಶುರುವಿನಿಂದಲೇ ಸ್ಟ್ರಿಂಗ್ ಆಗಿ ಇಡಬೇಕು. ನಿಜವಾಗಿಯೂ ಅಷ್ಟು ದೊಡ್ಡ ಅಳತೆಯಾದರೆ, ಬಹು ದೊಡ್ಡ ಪೂರ್ಣಾಂಕಗಳಿಗೆಂದೇ ಇರುವ ಬಿಗ್‌ಇಂಟ್ ಇದೆ.

ಕನ್ನಡದಲ್ಲಿ ಆ್ಯಪ್, ವೆಬ್‌ಸೈಟ್ ಮಾಡುವವರಿಗೆ ಒಂದು ಮಾತು. ಬಳಕೆದಾರರು ೫೬೩೧೦೧ ಎಂದು ಟೈಪ್ ಮಾಡಿದರೆ ನಂಬರ್‌ಗೆ ಅದು ಅರ್ಥವಾಗುವುದಿಲ್ಲ, 'ಸಂಖ್ಯೆಯಲ್ಲ' ಅನ್ನುತ್ತದೆ. ನಮ್ಮ ಅಂಕಿಗಳನ್ನು ಹೀಗೆ ಹೊರಗಿಡಬಾರದು, ಪರಿಹಾರವೂ ಕಷ್ಟದ್ದಲ್ಲ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಸಂಕೇತವಾಗಿ ಕೊಡುವ ಯೂನಿಕೋಡ್‌ನಲ್ಲಿ ೦ಯ ಸಂಕೇತ 3302. ಅಲ್ಲಿಂದ ೯ರವರೆಗೆ ಎಲ್ಲವೂ ಸಾಲಾಗಿವೆ. ಹಾಗಾಗಿ ಪ್ರತಿ ಅಕ್ಷರದ ಸಂಕೇತದಿಂದ 3302 ಕಳೆಯಿರಿ. ೫ರ ಸಂಕೇತ 3307, ಉತ್ತರ 5.