ಒತ್ತುವ ಗುಂಡಿ ಎಲ್ಲಿ ಹೋಯಿತು?

ನಮ್ಮ ಮನೆಯಲ್ಲಿ ಅಡುಗೆಮನೆ ಕೆಳಗೆ, ಮಗನ ಕೋಣೆ ಮೇಲೆ. ನಡುವೆ ಹದಿನೆಂಟು ಮೆಟ್ಟಿಲು. "ಊಟಕ್ಕೆ ಬಾರೋ, ಸಾರು ಆರ್ತಿದೆ" ಅಂತ ಕೂಗಿದರೆ ಆ ಮೆಟ್ಟಿಲು ಹತ್ತುವಷ್ಟರಲ್ಲಿ ಕೂಗು ಸೊರಗಿಹೋಗುತ್ತದೆ ಎನ್ನುವುದು ಅವನ ವಾದ. ಪಕ್ಕದ ಮನೆಯವರಿಗೆ ಮಾತ್ರ ನಮ್ಮ ಊಟದ ಹೊತ್ತು ಚೆನ್ನಾಗಿ ಗೊತ್ತು. ಹೋದ ವರ್ಷ ಕೆಳಗೊಂದು, ಮೇಲೊಂದು ಸ್ಮಾರ್ಟ್ ಸ್ಪೀಕರ್, ಅಂದರೆ ಬಾಯಲ್ಲಿ ಹೇಳಿದರೆ ಕೆಲಸ ಮಾಡುವ ಸ್ಪೀಕರ್, ಇಟ್ಟೆವು. ತಂದದ್ದು ಹಾಡು ಕೇಳುವುದಕ್ಕೆ. ಈಗ ಅದರಲ್ಲಿ ಹಾಡಿಗಿಂತ ಸಾರಿನ ಸುದ್ದಿಯೇ ಜಾಸ್ತಿ.

ಅಂದರೆ ಸುತ್ತಿ ಬಳಸಿ ಇಂಟರ್‌ಕಾಮ್‌ಗೇ ಬಂದು ನಿಂತೆವು. ಹಳೆಯ ಆಫೀಸುಗಳಲ್ಲಿ, ಡಾಕ್ಟರ ಕ್ಲಿನಿಕ್ಕುಗಳಲ್ಲಿ ಮೇಜಿನ ಮೇಲೊಂದು ಡಬ್ಬಿ ಇರುತ್ತಿತ್ತು, ನೆನಪಿದೆಯಾ? ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. (ರಸ್ತೆಯ ಗುಂಡಿಯಲ್ಲ, ಒತ್ತುವಂಥದ್ದು.) ಅಂಥ ಎಷ್ಟೋ ಡಬ್ಬಿಗಳಲ್ಲಿ ಬೇರೆ ಮೈಕೇ ಇರುತ್ತಿರಲಿಲ್ಲ, ಸ್ಪೀಕರೇ ಮೈಕೂ ಆಗುತ್ತಿತ್ತು. ಸ್ಪೀಕರಿನೊಳಗೆ ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ. ಸುರುಳಿಗೆ ಕರೆಂಟು ಕೊಟ್ಟರೆ ಅದು ಅಲುಗಿ ದನಿ ಬರುತ್ತದೆ. ದನಿಯಿಂದ ಸುರುಳಿ ಅಲುಗಿದರೆ ಕರೆಂಟು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ಹಳೆಯ ಹೆಡ್‌ಫೋನನ್ನು ಕಂಪ್ಯೂಟರಿನ ಮೈಕ್ ತೂತಿಗೆ ಸಿಕ್ಕಿಸಿ ಮಾತಾಡಿ ನೋಡಿ, ಕ್ಷೀಣವಾಗಿ ಕೇಳಿಸುತ್ತದೆ.

ಆ ಗುಂಡಿ ಒಂದೇ ಏಟಿಗೆ ಮೂರು ಕೆಲಸ ಮಾಡುತ್ತಿತ್ತು. ಈಗ ಮಾತು ಶುರು ಎಂದು ಡಬ್ಬಿಗೆ ಹೇಳುತ್ತಿತ್ತು. ಸರದಿ ಯಾರದೆಂದು ತೀರ್ಮಾನಿಸುತ್ತಿತ್ತು. ನಾನು ಒತ್ತುವವರೆಗೆ ನನ್ನ ಕೋಣೆಯ ಸದ್ದು ಹೊರಗೆ ಹೋಗದಂತೆ ಕಾಯುತ್ತಿತ್ತು. ಸ್ಮಾರ್ಟ್ ಸ್ಪೀಕರ್ ಈ ಗುಂಡಿಯನ್ನು ಕಿತ್ತುಹಾಕಿತು. ಅದರ ಒಳಗಿನ ಬುದ್ಧಿವಂತಿಕೆಯಲ್ಲಿ ಸಾಕಷ್ಟು ಪಾಲು ಆ ಗುಂಡಿಯ ಕೆಲಸ ಮಾಡುವುದಕ್ಕೇ ಖರ್ಚಾಗುತ್ತದೆ.

ಮೊದಲನೆಯ ಕೆಲಸಕ್ಕೆ ಒಂದು ಹೆಸರು ಸಾಕಾಯಿತು. ಸ್ಪೀಕರು ಸದಾ ಕಿವಿ ತೆರೆದಿರುತ್ತದೆ, ಆದರೆ ಕಾಯುವುದು ತನ್ನ ಹೆಸರಿಗೆ ಮಾತ್ರ. ಹೆಸರು ಕೇಳಿದ ಮೇಲೆ ಉಳಿದ ಮಾತನ್ನು ಇಂಟರ್ನೆಟ್ ಮೂಲಕ ದೂರದ ಕಂಪ್ಯೂಟರಿಗೆ ಕಳಿಸುತ್ತದೆ. 2014ರಲ್ಲಿ ಬಂದ, ಅಮೆಜಾನ್ ಕಂಪನಿಯ ಎಕೋ ಎಂಬ ಸ್ಮಾರ್ಟ್ ಸ್ಪೀಕರಿನ ಮೊದಲ ಮಾದರಿಯಲ್ಲಿ 7 ಮೈಕುಗಳಿದ್ದವು. 7 ಸೆಂ.ಮೀ. ಅಂತರದ ಎರಡು ಮೈಕುಗಳಿಗೆ ನಿಮ್ಮ ದನಿ ಹೆಚ್ಚೆಂದರೆ ಸೆಕೆಂಡಿನ ಐದು ಸಾವಿರದಲ್ಲೊಂದು ಪಾಲು ಹಿಂದೆಮುಂದೆ ತಲುಪುತ್ತದೆ. ಅಷ್ಟರಿಂದಲೇ ಮಾತು ಯಾವ ಕಡೆಯಿಂದ ಬಂತು, ಮಿಕ್ಸಿ ಯಾವ ಕಡೆ ಕಿರುಚುತ್ತಿದೆ ಎಂದು ಲೆಕ್ಕ ಹಾಕುತ್ತದೆ.

ನಮಗೆ ಅನುಕೂಲವಾದ ಒಂದು ವಿಷಯವೂ ಇದೆ. ಆದೇಶವನ್ನು ಅದಕ್ಕೆ ಗೊತ್ತಿರುವ ಭಾಷೆಯಲ್ಲೇ ಕೊಡಬೇಕು. ಆದರೆ ಒಮ್ಮೆ ಎರಡು ಕೋಣೆ ಸೇರಿದ ಮೇಲೆ ನಿಮ್ಮ ದನಿ ಇದ್ದ ಹಾಗೇ ದಾಟುತ್ತದೆ. ಕನ್ನಡ, ತುಳು, ಕೊಂಕಣಿ, ಸುಮ್ನೆ ಒಂದು ಕೆಮ್ಮು, ಯಾವುದಾದರೂ ಸೈ.

ನಿಜವಾಗಿ ಕಷ್ಟದ್ದು ಎರಡನೆಯ ಕೆಲಸ, ಸರದಿಯದು. ಗುಂಡಿ ಇಲ್ಲದಿದ್ದರೆ ಮೈಕೂ ಸ್ಪೀಕರೂ ಒಟ್ಟಿಗೇ ಕೆಲಸ ಮಾಡಬೇಕು. ಗಣೇಶನ ಪೆಂಡಾಲಿನಲ್ಲಿ "ಹಲೋ, ಮೈಕ್ ಟೆಸ್ಟಿಂಗ್" ಎನ್ನುತ್ತಿದ್ದಂತೆ ಕುಂಯ್ ಎಂದು ಕಿವಿ ಕೊರೆಯುತ್ತದಲ್ಲ, ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೊಕ್ಕು ಸುತ್ತುವುದರಿಂದ ಹಾಗಾಗುತ್ತದೆ. ಮನೆಯ ಸ್ಪೀಕರಿನಲ್ಲಿ ಮೈಕೂ ಸ್ಪೀಕರೂ ಒಂದೇ ಡಬ್ಬಿಯಲ್ಲಿ ಅಂಟಿಕೊಂಡಿವೆ. ಹಾಗಾದರೆ ಅದು ಯಾಕೆ ಕಿರುಚುವುದಿಲ್ಲ?

ಉತ್ತರ ಒಂದು ಕಳೆಯುವ ಲೆಕ್ಕ. ತಾನು ಏನು ನುಡಿಸಿದೆ ಎಂದು ಡಬ್ಬಿಗೆ ಗೊತ್ತು. ಮೈಕಿಗೆ ಬಂದದ್ದರಿಂದ ಅದನ್ನು ಕಳೆದರೆ ಆಯಿತು, ಅಲ್ವಾ? ಅಷ್ಟು ಸುಲಭವಿಲ್ಲ. ಅದೇ ದನಿ ಗೋಡೆಗೆ, ಗ್ರಾನೈಟ್ ನೆಲಕ್ಕೆ, ಬೀರುವಿಗೆ ಬಡಿದು ನೂರಾರು ತುಣುಕಾಗಿ, ಒಂದೊಂದೂ ಒಂದೊಂದು ಹೊತ್ತಿಗೆ ಮರಳುತ್ತದೆ. ಹಾಗಾಗಿ ಡಬ್ಬಿ ಕೋಣೆಯನ್ನೇ ಕಲಿಯಬೇಕು. ಏನು ಮರಳಬಹುದೆಂದು ಊಹಿಸುತ್ತದೆ, ಕಳೆಯುತ್ತದೆ, ಉಳಿದದ್ದನ್ನು ನೋಡಿ ಊಹೆಯನ್ನು ಚೂರು ತಿದ್ದುತ್ತದೆ, ಮತ್ತೆ ಕಳೆಯುತ್ತದೆ. ಡಬ್ಬಿ ದನಿಯನ್ನು ಸೆಕೆಂಡಿಗೆ 16,000 ಸಲ ಅಳೆಯುತ್ತದೆ, ಕೋಣೆಯ ಮಾರ್ದನಿ 0.2 ಸೆಕೆಂಡು (ಅಂದರೆ 3,200 ಅಳತೆ) ಉಳಿಯುತ್ತದೆ ಎಂದಿಟ್ಟುಕೊಂಡರೆ, ನೇರವಾಗಿ ಲೆಕ್ಕ ಮಾಡಲು ಸೆಕೆಂಡಿಗೆ 5 ಕೋಟಿಗೂ ಹೆಚ್ಚು ಗುಣಾಕಾರ ಬೇಕು. ಬರೀ "ಸಾರು ಆರ್ತಿದೆ" ಅನ್ನುವುದಕ್ಕೆ!

ತಪ್ಪು ಮಾಡುತ್ತಾ ತಿದ್ದಿಕೊಳ್ಳುವ ಇಂಥದ್ದೊಂದು ವಿಧಾನವನ್ನು 1960ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಡ್ರೋ ಮತ್ತು ಹಾಫ್ ಕೊಟ್ಟರು. ಮಾರ್ದನಿ ಅಳಿಸುವ ಸಾಧನದ ಬಗ್ಗೆ 1967ರಲ್ಲಿ ಹೆಸರಾಂತ ಪ್ರಬಂಧ ಬರೆದವರು ಅಲ್ಲಿನ ಫೋನ್ ಕಂಪನಿಯ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಮನ್ ಮೋಹನ್ ಸೋಂಧಿ. ಅಮೆರಿಕಕ್ಕೆ ಹೋಗುವ ಮೊದಲು ಅವರು ಓದಿದ್ದು ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಆಗಿನ ತಲೆನೋವು ಮನೆಯದಲ್ಲ, ದೂರದ ಫೋನಿನದು. 36,000 ಕಿ.ಮೀ. ಎತ್ತರದ ಉಪಗ್ರಹ ಮುಟ್ಟಿ ಬಂದ ನಿಮ್ಮದೇ ಮಾತು ಅರ್ಧ ಸೆಕೆಂಡು ಬಿಟ್ಟು ನಿಮ್ಮ ಕಿವಿಗೇ ಬಿದ್ದರೆ ಮಾತಾಡುವುದು ಹೇಗೆ?

ಇಬ್ಬರೂ ಒಟ್ಟಿಗೆ ಬಾಯಿ ಹಾಕಿದಾಗ ಡಬ್ಬಿ ತಬ್ಬಿಬ್ಬಾಗುತ್ತದೆ. ಉಳಿದದ್ದು ತನ್ನ ತಪ್ಪೋ, ಮನುಷ್ಯನ ಮಾತೋ ತಿಳಿಯದೆ ಕಲಿಯುವುದನ್ನು ಸ್ವಲ್ಪ ನಿಲ್ಲಿಸಿಬಿಡುತ್ತದೆ. ನಮ್ಮ ಮನೆಯಲ್ಲಿ ಅದು ಪಾಪ ಕಲಿಯುವುದೇ ಅಪರೂಪ. ಬೋಳು ಗೋಡೆಯ ಕೋಣೆಯಲ್ಲಂತೂ ಬಟ್ಟೆಯ ಒಂದು ದಪ್ಪ ಪರದೆ ಹಾಕಿದರೆ ಅದರ ಪಾಡು ಹಗುರವಾಗುತ್ತದೆ.

ವಿಚಿತ್ರವೆಂದರೆ ಹದಿನೆಂಟು ಮೆಟ್ಟಿಲು ದಾಟಲು ನಮ್ಮ ಆದೇಶ ಆ ದೂರದ ಕಂಪ್ಯೂಟರುಗಳಿರುವ ಡೇಟಾ ಸೆಂಟರ್‌ವರೆಗೆ ಹೋಗಿಬರುತ್ತದೆ. ಇಂಟರ್ನೆಟ್ ಹೋದರೆ ಮತ್ತೆ ಗಂಟಲೇ ಗತಿ.

ಇನ್ನು ಮೂರನೆಯ ಕೆಲಸ, ಕೋಣೆಯ ಸದ್ದು ಹೊರಗೆ ಹೋಗದಂತೆ ಕಾಯುವುದು. ಇಲ್ಲಿ ಗಣಿತ ಸಾಲುವುದಿಲ್ಲ ಎಂದೇ ನನಗೆ ಅನ್ನಿಸುತ್ತದೆ. 2018ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನ ಒಂದು ಮನೆಯ ಮಾತುಕತೆ ಪರಿಚಿತರೊಬ್ಬರಿಗೆ ತಾನಾಗಿ ಹೋಯಿತು. ಯಾವುದೋ ಮಾತನ್ನು ಎಕೋ ತನ್ನ ಹೆಸರೆಂದು, ಇನ್ಯಾವುದನ್ನೋ "ಮೆಸೇಜ್ ಕಳಿಸು" ಎಂದು ಕೇಳಿಸಿಕೊಂಡಿತ್ತು ಎಂದು ಅಮೆಜಾನ್ ವಿವರಿಸಿತು. ಮನೆಯಲ್ಲಿ ಒಂದೇ ಒಂದು ಗುಂಡಿ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಕೆಲವು ಸ್ಪೀಕರುಗಳಲ್ಲಿ ಅನುಮತಿ ಇದ್ದವರು ಆ ಕಡೆಯವರು ಕರೆ ಎತ್ತದೆಯೇ ನೇರ ಒಳಗೆ ಇಳಿಯಬಹುದು, ಅಂದರೆ ಅವರ ಕೋಣೆಯಲ್ಲೇ ಮಾತು ಶುರುಮಾಡಬಹುದು. ಪರದೆ ಇರುವ ಎಕೋದಲ್ಲಿ ಹೀಗೆ ಇಳಿದಾಗ ಚಿತ್ರ ಮೊದಲ ಕೆಲವು ಸೆಕೆಂಡು ಮಂಜುಗಾಜಿನ ಹಿಂದಿದ್ದಂತೆ ಮಸುಕಾಗಿರುತ್ತದೆ, ಸಾವರಿಸಿಕೊಳ್ಳಲಿ ಎಂದು.

ಸಾವರಿಸಿಕೊಳ್ಳಲು ಅಷ್ಟು ಹೊತ್ತು ಸಾಕೇ? ಒಂದು ಮಧ್ಯಾಹ್ನ ಆಫೀಸಿನಿಂದ ಅತ್ತೆಯವರ ಕೋಣೆಗೆ ನೇರ ಇಳಿದು "ಮಾತ್ರೆ ತಗೊಂಡ್ರಾ ಅತ್ತೆ?" ಎಂದೆ. ನಿದ್ದೆಗಣ್ಣಲ್ಲಿ ಬೆಚ್ಚಿಬಿದ್ದರು. "ಬಾಗಿಲು ತಟ್ಟೋಕೆ ಏನಾಗಿತ್ತಮ್ಮಾ ನಿಂಗೆ?" ಅಂದರು. ತಪ್ಪು ನನ್ನದೇ, ಡಬ್ಬಿಯದಲ್ಲ. ಅವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ ಆ ಸೌಲಭ್ಯ ತೆಗೆದೆ. ಈಗ ಅವರ ಪರದೆಯಲ್ಲಿ ಕರೆ ಬರುತ್ತದೆ, ಎತ್ತಲು ಒಂದು ಗುಂಡಿ ಮೂಡುತ್ತದೆ. ಅತ್ತೆ ಮೊದಲು ಕನ್ನಡಕ ಹುಡುಕುತ್ತಾರೆ. ಸೆರಗು ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಒತ್ತುತ್ತಾರೆ.