ಡ್ಯಾಶ್‌ಬೋರ್ಡ್ ಪ್ಯಾಡ್: ಮೊದಲು ಕೂರಲಿ, ಆಮೇಲೆ ಬಿಗಿಯಿರಿ

ಹಳೇ ಕಾರಿನ ಕೆಲಸಕ್ಕೆ ಕೈ ಹಾಕಿದವರು ಇಂಜಿನ್ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ಡ್ಯಾಶ್‌ಬೋರ್ಡ್ ಮೇಲಿನ ಪ್ಯಾಡ್ ಬಗ್ಗೆ ಯಾರೂ ಕೇಳುವುದಿಲ್ಲ. ನಾಲ್ಕು ನಟ್ಟು ಬಿಚ್ಚಿ ಹಳೇದು ತೆಗೆಯೋದು, ಹೊಸದು ಕೂರಿಸೋದು, ಅದೇನು ಮಹಾ ಅನ್ನುವ ಲೆಕ್ಕ. ಆಮೇಲೆ ಫೋನ್ ಬರುತ್ತದೆ: ಎಡಗಡೆ ಚೆನ್ನಾಗಿ ಕೂತಿದೆ, ಬಲಗಡೆ ಗಾಜಿನ ಹತ್ತಿರ ಬೆರಳು ತೂರುವಷ್ಟು ಸಂದು ಬಿಟ್ಟಿದೆ, ಏನು ಮಾಡಲಿ? ನನ್ನ ಉತ್ತರ ಯಾವಾಗಲೂ ಒಂದೇ. ಎಲ್ಲ ನಟ್ಟೂ ಸಡಿಲ ಮಾಡಿ, ಮೊದಲಿಂದ ಶುರು ಮಾಡಿ. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದು ಕಡೆಯನ್ನು ಎಳೆದು ತರುತ್ತೇನೆ ಅಂದರೆ ಪ್ಯಾಡ್ ಕೇಳುವುದಿಲ್ಲ.

ಅದು ಯಾಕೆ ಅಷ್ಟು ಹಟಮಾರಿ ಅಂದರೆ, ಅದರೊಳಗೆ ಮೂರು ಪದರ ಇವೆ. ಕೆಳಗೆ ತಗಡಿನದೋ ಗಟ್ಟಿ ಪ್ಲಾಸ್ಟಿಕ್‌ನದೋ ಒಂದು ಚೌಕಟ್ಟು, ಅದರ ಮೇಲೆ ಅಚ್ಚಿನಲ್ಲಿ ಸುರಿದ ಪಾಲಿಯುರೆಥೇನ್ ಫೋಮ್, ಎಲ್ಲಕ್ಕಿಂತ ಮೇಲೆ ನಾವು ರೆಕ್ಸಿನ್ ಅಂತ ಕರೆಯುವ ವಿನೈಲ್ ಹೊದಿಕೆ. ವಿನೈಲ್ ಮೆತ್ತಗಿರಲಿ ಅಂತ ಅದಕ್ಕೆ ಪ್ಲಾಸ್ಟಿಸೈಜರ್ ಸೇರಿಸಿರುತ್ತಾರೆ. ಬಿಸಿಲಿಗೆ ಅದು ನಿಧಾನವಾಗಿ ಆವಿಯಾಗಿ ಹೋಗುತ್ತದೆ. ಮುಂದಿನ ಗಾಜಿನ ಒಳಮೈಗೆ ಎಷ್ಟು ಒರೆಸಿದರೂ ಮತ್ತೆ ಕೂರುವ ಜಿಡ್ಡು ಪೊರೆ ಇರುತ್ತದಲ್ವಾ, ಅದರಲ್ಲಿ ಒಂದು ಪಾಲು ಇದೇ. ಮೆತ್ತಗಿನ ಅಂಶ ಹೋದ ಮೇಲೆ ಹೊದಿಕೆ ಕುಗ್ಗುತ್ತದೆ, ಕೆಳಗಿನ ಚೌಕಟ್ಟು ಕುಗ್ಗುವುದಿಲ್ಲ. ಎಳೆತ ಜಾಸ್ತಿಯಾದ ಕಡೆ, ಅಂದರೆ ಸ್ಪೀಕರ್ ಜಾಲರಿಯ ಮೂಲೆಯಲ್ಲೋ ಗಾಜಿಗೆ ಗಾಳಿ ಬಿಡುವ ಸೀಳಿನ ತುದಿಯಲ್ಲೋ, ಬಿರುಕು ಬಿಡುತ್ತದೆ.

ಹೊಸದನ್ನು ಆರಿಸುವಾಗ ಒಂದು ಮಾತು. ಡಬ್ಬಿಯನ್ನೇ ಒಡೆಯದ, ಆ ಕಾಲದ ಕಂಪನಿ ಪ್ಯಾಡ್ ಸಿಕ್ಕಿತು ಅಂತ ಜನ ಕುಣಿಯುತ್ತಾರೆ. ನಾನು ಕುಣಿಯುವುದಿಲ್ಲ. ಡಬ್ಬಿಯಲ್ಲಿ ಬಿಸಿಲು ಬೀಳದೆ ಇರಬಹುದು, ಆದರೆ ವಯಸ್ಸು ಅಲ್ಲೂ ಆಗುತ್ತದೆ. ಕೂರಿಸುವಾಗ ಸ್ವಲ್ಪ ಬಗ್ಗಿಸಿದರೆ ಟಪ್ ಅಂತ ಸೀಳುವುದೂ ಉಂಟು. ಇನ್ನು ಹಳೇ ಪ್ಯಾಡ್ ಮೇಲೆ ಸಿಲಿಕೋನ್ ಹಚ್ಚಿ ಅಂಟಿಸುವ ತೆಳು ಪ್ಲಾಸ್ಟಿಕ್ ಕವರ್ ಇದೆ. ದಿನಾ ಓಡಿಸುವ ಕಾರಿಗೆ ಅದು ತಪ್ಪಲ್ಲ. ಆದರೆ ಬಿರುಕಿನ ಎದ್ದ ಅಂಚುಗಳನ್ನು ಕತ್ತರಿಸಿ ಸಮ ಮಾಡದೆ ಅಂಟಿಸಿದರೆ ಕವರ್ ಅಲ್ಲಲ್ಲಿ ಉಬ್ಬಿಕೊಂಡೇ ಇರುತ್ತದೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಮಾತ್ರ ಬೇಡ, ಬಣ್ಣವಿಲ್ಲದ ತಗಡಿಗೆ ತಾಗಿದರೆ ತುಕ್ಕು ಹಿಡಿಸುತ್ತದೆ.

ಪೂರ್ತಿ ರೆಸ್ಟೋರೇಶನ್, ಅಂದರೆ ಕಾರನ್ನು ಮೊದಲಿನ ರೂಪಕ್ಕೇ ತರುವುದಾದರೆ, ನನ್ನ ಓಟು ಫೋಮ್ ತುಂಬಿದ ಹೊಸ ಪ್ಯಾಡ್‌ಗೇ. ಇದು ಬರೀ ಅಂದಕ್ಕೆ ಇಟ್ಟ ವಸ್ತು ಅಲ್ಲ. 1948ರ ಟಕ್ಕರ್ ಎಂಬ ಅಮೆರಿಕದ ಕಾರಿನಲ್ಲೇ ಮೆತ್ತನೆಯ ಡ್ಯಾಶ್ ಇತ್ತು. 1956ರಲ್ಲಿ ಫೋರ್ಡ್ ಹೆಚ್ಚು ದುಡ್ಡು ಕೊಟ್ಟವರಿಗೆ ಮೆತ್ತೆ ಹಾಕಿದ ಡ್ಯಾಶ್ ಕೊಡುತ್ತಿತ್ತು. 1968ರ ಜನವರಿ 1ರಿಂದ ಅಮೆರಿಕದ ಸುರಕ್ಷತಾ ನಿಯಮಗಳಲ್ಲಿ 201ನೆಯದು, ಡಿಕ್ಕಿಯಾದಾಗ ಕಾರಿನ ಒಳಭಾಗ ಕೂತವರ ತಲೆಗೆ ಬೀಳುವ ಪೆಟ್ಟನ್ನು ತಗ್ಗಿಸಬೇಕು ಎಂದಿತು. ಅದೇ ಹೊತ್ತಿನಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಗ್ಲೌ ಬಾಕ್ಸನ್ನೇ ತೆಗೆದು ದಪ್ಪ ಮೆತ್ತೆಯ ಡ್ಯಾಶ್ ಹಾಕಿದರು, ಜನ ಅದನ್ನು ಕಾರ್ಖಾನೆಯ ಊರಿನ ಹೆಸರಲ್ಲಿ 'ಅಬಿಂಗ್ಡನ್ ದಿಂಬು' ಅಂತ ಆಡಿಕೊಂಡರು. ನೋಡಲು ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ.

ಹೊಸ ಪ್ಯಾಡ್ ಬಂದ ತಕ್ಷಣ ಡಬ್ಬಿಯಿಂದ ತೆಗೆದು ಸಮವಾದ ಮೇಜಿನ ಮೇಲೆ ಇಡಿ. ದಾರಿಯಲ್ಲಿ ಡಬ್ಬಿಯೊಳಗೆ ಬಾಗಿಕೊಂಡೇ ಬಂದಿರುತ್ತದೆ, ಒಂದೆರಡು ದಿನ ಬಿಟ್ಟರೆ ಎಷ್ಟೋ ಸಲ ತಾನೇ ನೇರವಾಗುತ್ತದೆ. ಚಳಿಯಲ್ಲಿ ಈ ಕೆಲಸ ಮಾಡಲೇಬೇಡಿ. ಬೆಚ್ಚಗಿನ ಕೋಣೆಯಲ್ಲಿಟ್ಟ ಪ್ಯಾಡ್ ಮಾತು ಕೇಳುತ್ತದೆ, ತಣ್ಣಗಿದ್ದದ್ದು ಸೀಳುತ್ತದೆ. ಮೂಲೆ ಬಗ್ಗದಿದ್ದರೆ ಹೇರ್ ಡ್ರೈಯರ್ ಸಾಕು. ಹೀಟ್ ಗನ್ ಹಿಡಿದರೆ ಒಂದೇ ಕಡೆ ನಿಲ್ಲಿಸಬೇಡಿ, ರೆಕ್ಸಿನ್ ಮೇಲಿನ ಚರ್ಮದಂಥ ಗೆರೆಗಳು ಕ್ಷಣದಲ್ಲಿ ಮಾಯವಾಗಿ ಅಲ್ಲಿ ನುಣ್ಣನೆ ಹೊಳೆಯತೊಡಗುತ್ತದೆ.

ಬಿಚ್ಚುವ ಕೆಲಸಕ್ಕೆ ಬ್ಯಾಟರಿಯ ನೆಗೆಟಿವ್ ತೆಗೆದೇ ಕೈ ಹಾಕಿ. ಮೀಟರ್ ಹಿಂದೆ ಯಾವಾಗಲೂ ಕರೆಂಟ್ ಇರುವ ವೈರ್ ಒಂದಾದರೂ ಇರುತ್ತದೆ, ಪಾನಾ ಅದಕ್ಕೂ ಬಾಡಿಗೂ ಒಟ್ಟಿಗೆ ತಾಗಿದರೆ ಕಿಡಿಯ ಜೊತೆ ಹಳೇ ವೈರಿಂಗೂ ಹೋಗುತ್ತದೆ. ಪ್ರತಿ ಹಂತದಲ್ಲೂ ಫೋಟೋ ತೆಗೆಯಿರಿ, ವೈರಿಗೆ ಟೇಪ್ ಸುತ್ತಿ ನಂಬರ್ ಬರೆಯಿರಿ. ಗಾಜಿಗೆ ಗಾಳಿ ಬಿಡುವ ಸೀಳುಗಳ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಯಾಕಂದರೆ ಬಿದ್ದ ನಟ್ಟು ನೇರ ಅಲ್ಲಿಗೇ ಹೋಗುತ್ತದೆ. ಎಲ್ಲ ಬಿಚ್ಚಿದ ಮೇಲೂ ಪ್ಯಾಡ್ ಅಲುಗದಿದ್ದರೆ ಎಳೆಯಬೇಡಿ, ಎಲ್ಲೋ ಒಂದು ಸ್ಕ್ರೂ ಉಳಿದಿದೆ ಅಂತಲೇ ಅರ್ಥ. ಆಶ್‌ಟ್ರೇ ಹಿಂದೆ, ಗ್ಲೌ ಬಾಕ್ಸಿನ ಮೇಲ್ಭಾಗದಲ್ಲಿ, ಸ್ಪೀಕರ್ ಜಾಲರಿಯ ಕೆಳಗೆ, ಒಂದು ಪುಟ್ಟ ಕನ್ನಡಿ ಹಿಡಿದು ಹುಡುಕಿ. ಗಾಜಿನ ಅಂಚಿನಲ್ಲಿ ಕಬ್ಬಿಣದ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ಪ್ಲಾಸ್ಟಿಕ್ ಪಟ್ಟಿ ಬಳಸಿ. ಕೆಲವು ಮಾಡೆಲ್‌ಗಳಲ್ಲಿ ಮುಂದಿನ ಗಾಜನ್ನೇ ತೆಗೆಯದೆ ಪ್ಯಾಡ್ ಹೊರಬರುವುದಿಲ್ಲ. ಅದನ್ನು ಮ್ಯಾನುಯಲ್ ನೋಡಿ ಮೊದಲೇ ತಿಳಿದುಕೊಂಡರೆ ಗಾಜು ಉಳಿಯುತ್ತದೆ. ಡ್ಯಾಶ್ ಮೇಲೆ ರಿವೆಟ್ ಹೊಡೆದ ಚಾಸಿ ನಂಬರ್ ಪಟ್ಟಿ ಇದ್ದರೆ ಅದನ್ನು ಮುಟ್ಟಲೇಬೇಡಿ, ಅದು ಕಾನೂನಿನ ತಂಟೆ.

ಹಳೇ ಪ್ಯಾಡ್ ಎಸೆಯಬೇಡಿ. ಹೊಸದರ ಪಕ್ಕದಲ್ಲಿ ಅದನ್ನು ಬೋರಲು ಮಲಗಿಸಿ, ಪ್ಯಾಡ್ ಅಡಿಯಿಂದ ಚಾಚಿರುವ, ನಟ್ಟು ಹಾಕುವ ಬೋಲ್ಟಿನಂಥ ಒಂದೊಂದು ಸ್ಟಡ್‌ನ ಜಾಗವನ್ನೂ ಟೇಪ್ ಹಿಡಿದು ಅಳೆಯಿರಿ. ಹೊಸದಾಗಿ ಅಚ್ಚು ಹಾಕಿದ ಪ್ಯಾಡ್‌ನಲ್ಲಿ ಸ್ಟಡ್ ಎರಡು ಮೂರು ಮಿಲಿಮೀಟರ್ ಆಚೀಚೆ ಇರುವುದು ಅಪರೂಪವಲ್ಲ. ಆಗ ಬಾಡಿಯ ತೂತನ್ನು ಬೇಕಾದ ದಿಕ್ಕಿಗೆ ಮಾತ್ರ ಅರದಿಂದ ಸ್ವಲ್ಪ ಉದ್ದ ಮಾಡಿ, ಉಜ್ಜಿದ ಅಂಚಿಗೆ ಪ್ರೈಮರ್ ಹಚ್ಚಿ, ದೊಡ್ಡ ವಾಷರ್ ಹಾಕಿ. ಸ್ಟಡ್ಡನ್ನೇ ಬಗ್ಗಿಸಲು ಹೋದರೆ ಅದು ಬುಡಸಮೇತ ಕಿತ್ತು ಬರುತ್ತದೆ.

ಸ್ಕ್ರೂ ಉದ್ದದ ಬಗ್ಗೆ ನನ್ನದೇ ಕಥೆ ಇದೆ. ಕೆಲಸ ಕಲಿತ ಹೊಸದರಲ್ಲಿ ಒಂದು ಸ್ಕ್ರೂ ಕಳೆದುಹೋಗಿತ್ತು, ಅದೇ ದಪ್ಪದ ಇನ್ನೊಂದು ಸಿಕ್ಕಿತು, ಉದ್ದ ಸ್ವಲ್ಪ ಜಾಸ್ತಿ. ಏನಾಗುತ್ತೆ ಬಿಡು ಅಂತ ಕೆಳಗಿನಿಂದ ತಿರುಗಿಸುತ್ತಾ ಹೋದೆ. ತಲೆಯೆತ್ತಿ ನೋಡಿದರೆ ಹೊಚ್ಚ ಹೊಸ ರೆಕ್ಸಿನ್ ಮೇಲೆ ಒಂದು ಮೊಡವೆ ಎದ್ದಿದೆ, ಅದರ ತುದಿಯಲ್ಲಿ ಸ್ಕ್ರೂ ಇಣುಕುತ್ತಿದೆ! ಆ ಪ್ಯಾಡ್ ನನ್ನ ಜೇಬಿನಿಂದಲೇ ಹೋಯಿತು. ಅವತ್ತಿನಿಂದ ಒಂದೊಂದು ಸ್ಕ್ರೂವನ್ನೂ ಅದರ ಜಾಗದ ಹೆಸರು ಬರೆದ ಪುಟ್ಟ ಕವರಿನಲ್ಲಿ ಇಡುತ್ತೇನೆ.

ರೆಕ್ಸಿನ್‌ಗೆ ತೂತು ಮಾಡಬೇಕಾದರೆ ಡ್ರಿಲ್ ಬೇಡ. ಅದು ಹೊದಿಕೆಯನ್ನೂ ಫೋಮನ್ನೂ ಸುತ್ತಿಕೊಂಡು ಎಳೆದುಬಿಡುತ್ತದೆ. ಪಂಚ್ ಹೊಡೆಯಿರಿ, ಇಲ್ಲವೇ ಕಾಯಿಸಿದ ದಬ್ಬಳದಿಂದ ಚುಚ್ಚಿ. ಸುಟ್ಟ ತೂತಿನ ಅಂಚು ಗಟ್ಟಿಯಾಗುತ್ತದೆ, ಮುಂದಕ್ಕೆ ಸೀಳುವುದಿಲ್ಲ. ಸೀಳುಗಳನ್ನು ಕತ್ತರಿಸುವಾಗ ಹೊಸ ಬ್ಲೇಡ್ ಹಾಕಿ, ಬೇಕಾದ್ದಕ್ಕಿಂತ ಚಿಕ್ಕದಾಗಿಯೇ ಕತ್ತರಿಸಿ. ಚಿಕ್ಕದನ್ನು ದೊಡ್ಡದು ಮಾಡಬಹುದು, ದೊಡ್ಡದಾದದ್ದಕ್ಕೆ ಮದ್ದಿಲ್ಲ.

ಈಗ ಕೂರಿಸೋಣ. ಡ್ಯಾಶ್ ಖಾಲಿ ಇರುವಾಗಲೇ ಕೆಳಗಿನ ತಗಡಿನ ತುಕ್ಕು ಉಜ್ಜಿ ಬಣ್ಣ ಹೊಡೆಯಿರಿ, ಮೀಟರ್ ಬಲ್ಬು ಬದಲಿಸಿ, ಗಾಳಿಯ ಕೊಳವೆಯ ಪುಡಿಯಾದ ಫೋಮ್ ಪಟ್ಟಿ ಹೊಸದು ಹಾಕಿ. ಮತ್ತೆ ಈ ಜಾಗ ಕೈಗೆ ಸಿಗುವುದು ಯಾವಾಗಲೋ. ಬಹಳ ಕಾರುಗಳಲ್ಲಿ ಗಾಜಿನ ಕಡೆಯ ಅಂಚು ಮೊದಲು ಒಳಗೆ ಹೋಗಬೇಕು, ಆಮೇಲೆ ಸೀಟಿನ ಕಡೆಯ ಅಂಚು ಕೆಳಗಿಳಿಯಬೇಕು. ಇಬ್ಬರಿದ್ದರೆ ಒಳ್ಳೆಯದು. ಎಲ್ಲ ನಟ್ಟನ್ನೂ ಬೆರಳಲ್ಲೇ ಎರಡು ಮೂರು ಸುತ್ತು ಹಾಕಿ, ಪಾನಾ ಮುಟ್ಟಬೇಡಿ. ಇಲ್ಲೇ ಎಲ್ಲರೂ ಆತುರ ಪಡುವುದು. ಈ ಸಡಿಲ ಸ್ಥಿತಿಯಲ್ಲೇ ಮೀಟರ್ ಕನ್ಸೋಲನ್ನು ಅದರ ಜಾಗಕ್ಕೆ ತಳ್ಳಿ ನೋಡಿ, ಗ್ಲೌ ಬಾಕ್ಸಿನ ಮುಚ್ಚಳ ತೆಗೆದು ಮುಚ್ಚಿ ನೋಡಿ, ಎರಡೂ ಬಾಗಿಲು ಹಾಕಿ ಪ್ಯಾಡ್‌ನ ತುದಿ ಬಾಗಿಲಿನ ಬೀಡಿಂಗ್‌ಗೆ ಉಜ್ಜುತ್ತದಾ ಅಂತ ನೋಡಿ. ಪ್ಯಾಡ್ ಎಲ್ಲಿರಬೇಕು ಅಂತ ಹೇಳುವುದು ಈ ಅಕ್ಕಪಕ್ಕದವರೇ, ನಟ್ಟಿನ ತೂತಲ್ಲ. ಎಲ್ಲೋ ತಾಗಿದರೆ ಇಡೀ ಪ್ಯಾಡನ್ನು ಅಂಗೈಯಿಂದ ಸರಿಸಿ, ಮತ್ತೆ ನೋಡಿ. ನಾನು ಮೂರು ನಾಲ್ಕು ಸಲ ಹಾಕಿ ತೆಗೆಯುವುದು ಮಾಮೂಲು.

ಸರಿ ಅನ್ನಿಸಿದ ಮೇಲೆ ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಹೋಗಿ. ವಾಷರ್ ತಗಡಿಗೆ ಒತ್ತಿಕೊಂಡ ಮೇಲೆ ಇನ್ನೊಂದು ಸಣ್ಣ ತಿರುವು, ಅಷ್ಟೇ. ಸ್ಟಡ್ ಸುಮ್ನೆ ಸುತ್ತತೊಡಗಿದರೆ ಒಳಗೆ ಅದರ ಬುಡ ಬಿಟ್ಟುಹೋಗಿದೆ ಅಂತ ಅರ್ಥ. ಅಲ್ಲೇ ನಿಲ್ಲಿಸಿ, ಪ್ಯಾಡ್ ತೆಗೆದು ಸ್ಟಡ್ಡನ್ನು ಎಪಾಕ್ಸಿ ಅಂಟಿನಿಂದ ಕೂರಿಸಿ, ಪೂರ್ತಿ ಗಟ್ಟಿಯಾದ ಮೇಲೆ ಮುಂದುವರಿಸಿ.

ಕೆಲಸ ಮುಗಿದ ಮೇಲೆ ಹೊಳಪಿನ ಪಾಲಿಶ್ ಬಳಿಯಬೇಡಿ, ಡ್ಯಾಶ್‌ನ ಹೊಳಪು ಗಾಜಿನಲ್ಲಿ ಕಾಣಿಸಿ ಕಣ್ಣು ಕುಕ್ಕುತ್ತದೆ. ಹಳೇ ಪ್ಯಾಡನ್ನು ಇನ್ನೂ ಎರಡು ವಾರ ಇಟ್ಟುಕೊಳ್ಳಿ. ಅಷ್ಟರಲ್ಲಿ ಬಿಸಿಲಿಗೆ ಹೊಸ ಫೋಮ್ ಹಿಗ್ಗಿ ಕುಗ್ಗಿ ತನ್ನ ಜಾಗ ಹಿಡಿದಿರುತ್ತದೆ, ಆಗ ಕೆಳಗೆ ತೂರಿ ನಟ್ಟುಗಳನ್ನು ಬೆರಳಲ್ಲಿ ಅಲುಗಿಸಿ ನೋಡಿ. ಒಂದೆರಡು ಸಡಿಲವಾಗಿಯೇ ಇರುತ್ತವೆ.